ನೀಲಮ್ಮ ಹಾಕಿದ ಸಿಹಿನೀರು

ನೀಲಮ್ಮನ ಕಥೆಯನ್ನು ನೀರಿನಿಂದಲೇ ಶುರು ಮಾಡಬೇಕು. ಬೇರೆ ಕಡೆಯಿಂದ ಶುರು ಮಾಡಿದರೆ ಅವಳು ಮಾಡಿದ ತಪ್ಪು ಬರೀ ದಡ್ಡತನದಂತೆ ಕಾಣುತ್ತದೆ. ಅದು ದಡ್ಡತನವಾಗಿರಲಿಲ್ಲ. ಆಮೇಲೆ ಮಾಡಿದ ಇನ್ನೊಂದು ತಪ್ಪಿನ ಬಗ್ಗೆ ಮಾತ್ರ ನಾನು ಅವಳ ಪರ ವಹಿಸುವುದಿಲ್ಲ, ಅವಳೂ ವಹಿಸಿಕೊಳ್ಳುವುದಿಲ್ಲ.

ಇಂಡಿ ತಾಲ್ಲೂಕಿನ ಅವಳ ತವರೂರಿನಲ್ಲಿ ಮೂರು ಬಾವಿಗಳಿದ್ದವು. ಮೂರರದ್ದೂ ಸವಳು ನೀರು. ಆ ನೀರಿನಲ್ಲಿ ಸೋಪು ಉಜ್ಜಿದರೆ ನೊರೆ ಏಳುತ್ತಿರಲಿಲ್ಲ, ತೊಗರಿಬೇಳೆ ಮಧ್ಯಾಹ್ನ ದಾಟಿದರೂ ಬೇಯುತ್ತಿರಲಿಲ್ಲ. ಹೊಸದಾಗಿ ಬಂದ ಸೊಸೆಯಂದಿರು ಮೊದಲ ಗುಟುಕಿಗೇ ಮುಖ ಕಿವುಚುತ್ತಿದ್ದರು, ನೋಡಿದವರು ಸೆರಗು ಬಾಯಿಗಿಟ್ಟುಕೊಂಡು ನಗುತ್ತಿದ್ದರು. ಸಿಹಿನೀರು ಬೇಕೆಂದರೆ ಎರಡು ಮೈಲು ನಡೆದು ಹಳ್ಳಕ್ಕೆ ಹೋಗಬೇಕು, ಉಸುಕು ಬಗೆದು ಒರತೆ ತೆಗೆಯಬೇಕು. ಎಂಟು ವರ್ಷದ ನೀಲಮ್ಮ ಮೊಣಕೈವರೆಗೂ ಉಸುಕಿನಲ್ಲಿ ಕೈಯಿಳಿಸಿ, ತಳದಲ್ಲಿ ನೀರು ಒಸರುವುದನ್ನೇ ಕಾದು ಕೂತು, ಬಟ್ಟಲಿನಿಂದ ತುಂಬಿ ತುಂಬಿ ಕೊಡ ಹೊತ್ತು ತರುತ್ತಿದ್ದಳು.

ಅಷ್ಟು ಕಷ್ಟಪಟ್ಟು ತಂದ ನೀರನ್ನು ಮನೆಯವರು ಕುಡಿಯುತ್ತಿದ್ದದ್ದು ಕಡಿಮೆ. ಅದು ಬಂದವರಿಗೆ. ಬಾಗಿಲಿಗೆ ಯಾರೇ ಬರಲಿ, ಬಳೆಗಾರನಾಗಲಿ, ಜಂಗಮರಾಗಲಿ, ದಾರಿತಪ್ಪಿ ಬಂದವನಾಗಲಿ, ಮೊದಲು ಒಂದು ತುಂಡು ಬೆಲ್ಲ, ಒಂದು ತಂಬಿಗೆ ಸಿಹಿನೀರು. ಒಮ್ಮೆ ಒಬ್ಬ ನೆಂಟ ಚಕ್ಕಡಿ ಹೂಡಿಕೊಂಡು ಬಂದಿದ್ದ. ಅವನ ಎತ್ತುಗಳಿಗೆ ಕುಡಿಸೆಂದು ಅವ್ವ ಹೇಳಿದಾಗ ನೀಲಮ್ಮ ಬಾವಿಯಿಂದ ಸವಳು ನೀರು ಸೇದಿ ಇಟ್ಟಳು. ಅವ್ವ ಬೆನ್ನಿಗೊಂದು ಬಿಟ್ಟಳು.

“ಮೂಕ ಪ್ರಾಣಿಗೆ ಸವಳು ಕುಡಸ್ತಿಯೇನ? ಅದಕ್ಕ ಹೇಳಾಕ ಬಾಯಿಲ್ಲಂತ ಹಿಂಗ ಮಾಡ್ತಿ?”

ಆ ಏಟಿನ ಉರಿ ಒಂದು ದಿನಕ್ಕೆ ಹೋಯಿತು. ಮಾತು ಅರವತ್ತು ವರ್ಷವಾದರೂ ಹೋಗಲಿಲ್ಲ.

ಮದುವೆಯಾದದ್ದು ಸಿದ್ರಾಮಪ್ಪನವರನ್ನು. ವಿಜಯಪುರದ ಹೈಸ್ಕೂಲಿನಲ್ಲಿ ಮೂವತ್ತಮೂರು ವರ್ಷ ಇಂಗ್ಲಿಷ್ ಕಲಿಸಿದ ಮಾಸ್ತರು. ಒಬ್ಬನೇ ಮಗ ರುದ್ರೇಶ ಎಂಜಿನಿಯರಾಗಿ ಆಕ್ಲೆಂಡ್ ಸೇರಿ, ಈಸ್ಟ್ ತಮಾಕಿಯ ಒಂದು ಕಾರ್ಖಾನೆಯಲ್ಲಿ ಕೆಲಸ ಹಿಡಿದು, ಮನೆ ಮಾಡಿಕೊಂಡು, ೨೦೧೩ರಲ್ಲಿ ಇಬ್ಬರನ್ನೂ ಕರೆಸಿಕೊಂಡ. ನೀಲಮ್ಮ ಮನೆಯೊಳಗೆ ಕಾಲಿಟ್ಟವಳೇ ಮಾಡಿದ ಮೊದಲ ಕೆಲಸ ಎಂದರೆ ನಲ್ಲಿ ತಿರುಗಿಸಿ ಬೊಗಸೆ ನೀರು ಕುಡಿದು ನೋಡಿದ್ದು. ಸಿಹಿ. ಬಚ್ಚಲಿನ ನಲ್ಲಿಯದ್ದೂ ಸಿಹಿ. ಅಂಗಳದಲ್ಲಿ ಮಗ ಕಾರು ತೊಳೆಯುವ ಪೈಪಿನದ್ದೂ ಸಿಹಿ! ಅವತ್ತು ಅವಳಿಗೆ ಸಂತೋಷಕ್ಕಿಂತ ಸಂಕಟವೇ ಹೆಚ್ಚಾಯಿತು. ಪೈಪು ಹಿಡಿದ ಮಗನನ್ನು ನೋಡಲಾಗದೆ ಒಳಗೆ ಹೋದಳು.

ಬಲಗಡೆಯ ಬೇಲಿಯಾಚೆ ಹುಯಿಯಾ ಮತ್ತು ತಾಮತಿ ಎಂಬ, ಆ ನಾಡಿನ ಮೂಲನಿವಾಸಿಗಳಾದ ಮಾವೊರಿ ದಂಪತಿ ಇದ್ದರು. ಹೆಚ್ಚುಕಡಿಮೆ ನೀಲಮ್ಮನದೇ ವಯಸ್ಸಿನವರು. ತಾಮತಿ ಮೊದಲು ಲಾರಿ ಓಡಿಸುತ್ತಿದ್ದವನು, ಈಗ ಮನೆಯಲ್ಲಿದ್ದ. ಹುಯಿಯಾ ಗಟ್ಟಿ ಆಳು, ನಕ್ಕರೆ ಮೂರು ಮನೆಗೆ ಕೇಳಿಸುತ್ತಿತ್ತು. ಬೇಲಿಯ ಮೇಲಿಂದ ಅವಳು ಮೊದಲು ಕೊಟ್ಟದ್ದು ತಾನು ಬೆಳೆದ ಗೆಣಸು. ಅದನ್ನು ಅವರು ಕೂಮರ ಅನ್ನುತ್ತಾರೆ. ನೀಲಮ್ಮ ಅದೇ ಗೆಣಸಿನಿಂದ ಹೋಳಿಗೆ ಮಾಡಿ ಹಿಂದಕ್ಕೆ ಕಳಿಸಿದಳು. ಅಲ್ಲಿಗೆ ಸ್ನೇಹ ಆಯಿತು. ಇವಳಿಗೆ ಇಂಗ್ಲಿಷ್ ಬಾರದು, ಅವಳಿಗೆ ಕನ್ನಡ ಬಾರದು, ಆದರೂ ದಿನಾ ಹನ್ನೊಂದು ಗಂಟೆಗೆ ಇಬ್ಬರೂ ಬೇಲಿಗೆ ಆತುಕೊಂಡು ಅರ್ಧ ತಾಸು ಮಾತಾಡುತ್ತಿದ್ದರು. ಏನು ಮಾತಾಡುತ್ತಿದ್ದರೋ ದೇವರಿಗೇ ಗೊತ್ತು. ಸಿದ್ರಾಮಪ್ಪನವರನ್ನು ದುಭಾಷಿಯಾಗಿ ಕರೆದರೆ ಕೆಲಸ ಕೆಡುತ್ತಿತ್ತು. ಅವರಿಗೆ ಇಂಗ್ಲಿಷಿನ ವ್ಯಾಕರಣವೆಲ್ಲ ಅಂಗೈ ಮೇಲಿತ್ತು, ಆದರೆ ಹುಯಿಯಾ ಮಾತಾಡುವ ಇಂಗ್ಲಿಷ್ ಅರ್ಧ ಕಿವಿಗೆ ಬೀಳುತ್ತಿರಲಿಲ್ಲ. ಬಿದ್ದಷ್ಟನ್ನು ತಿದ್ದಲು ಹೋಗುತ್ತಿದ್ದರು.

೨೦೧೪ರ ಈಸ್ಟರ್ ರಜೆಗೆ ಆ ದಂಪತಿ ಇವರಿಬ್ಬರನ್ನೂ ಹುಯಿಯಾಳ ತವರಿಗೆ ಕರೆದುಕೊಂಡು ಹೋದರು. ಉತ್ತರದ ತುದಿಯ ಕಡಲತೀರ, ಐದು ತಾಸಿನ ದಾರಿ. ಕಡಲು ಇಳಿದ ಹೊತ್ತು. ಕಣ್ಣು ಹಾಯುವಷ್ಟು ದೂರ ಒದ್ದೆ ಉಸುಕು. ಸಿದ್ರಾಮಪ್ಪನವರು ಬೂಟು ಬಿಚ್ಚಲು ಒಪ್ಪದೆ ಗಾಡಿಯಲ್ಲೇ ಪೇಪರು ಹಿಡಿದು ಕೂತರು. ಹುಯಿಯಾ ಮೊಣಕಾಲು ನೀರಿಗಿಳಿದು, ಕುಣಿಯುವವಳ ಹಾಗೆ ಸೊಂಟ ತಿರುವುತ್ತ, ಹಿಮ್ಮಡಿಯನ್ನು ಉಸುಕಿನಲ್ಲಿ ಹೊರಳಿಸಿದಳು. ಕಾಲಿಗೆ ಏನೋ ತಾಗಿತು. ಬಗ್ಗಿ ತೆಗೆದರೆ ಅಂಗೈಯಷ್ಟಗಲದ ಬಿಳಿ ಚಿಪ್ಪು, ಎರಡು ಹೋಳು ಗಟ್ಟಿಯಾಗಿ ಮುಚ್ಚಿಕೊಂಡಿದ್ದವು. “ತುವಾತುವಾ” ಎಂದಳು. ಮೊದಲು ಸಿಕ್ಕಿದ್ದನ್ನು ಕಡಲಿಗೇ ಎಸೆದಳು. ಅದು ಕಡಲಿನ ದೇವರ ಪಾಲಂತೆ. ಅದನ್ನು ನೀಲಮ್ಮನಿಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ, ರೊಟ್ಟಿಯ ಮೊದಲ ತುತ್ತು ತೆಗೆದಿಡುವ ಮನೆಯಿಂದ ಬಂದವಳು ಅವಳು.

ಆಮೇಲೆ ಹುಯಿಯಾ ಒಂದು ಚಿಪ್ಪನ್ನು ಒದ್ದೆ ಉಸುಕಿನ ಮೇಲೆ ಮಲಗಿಸಿ, ನೋಡು ಎಂದು ಸನ್ನೆ ಮಾಡಿದಳು. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ನಂತರ ಹೋಳುಗಳ ನಡುವಿನಿಂದ ನಾಲಗೆಯಂಥದ್ದೊಂದು ಮೆಲ್ಲಗೆ ಹೊರಬಂತು, ಉಸುಕನ್ನು ತಡವಿತು, ಚೂಪಾಗಿ ಒಳಗಿಳಿಯಿತು. ಮರುಗಳಿಗೆ ಚಿಪ್ಪು ಎದ್ದು ನೆಟ್ಟಗೆ ನಿಂತು, ಎರಡು ಸಲ ಜಗ್ಗಿ, ಕಣ್ಣೆದುರೇ ಮಾಯವಾಯಿತು. ಅದು ನಾಲಗೆಯಲ್ಲ, ಅದರ ಕಾಲು, ಅದರಿಂದಲೇ ತೋಡಿಕೊಂಡು ಹೋಗುತ್ತದೆ ಎಂದು ತಾಮತಿ ತನ್ನ ಕಾಲು ಮುಟ್ಟಿ ತೋರಿಸಿದ. ನೀಲಮ್ಮ ಚಪ್ಪಾಳೆ ತಟ್ಟಿ ನಕ್ಕಳು. ಉಸುಕು ತೋಡಿ ಬದುಕುವವರು ತಾವಷ್ಟೇ ಅಂದುಕೊಂಡಿದ್ದಳು. ಸೀರೆ ಮೇಲೆ ಕಟ್ಟಿ ಕೂತು, ಹುಯಿಯಾಳಿಗೆ ತಾನೂ ಒರತೆ ತೆಗೆದು ತೋರಿಸಿದಳು. ಗುಂಡಿಯಲ್ಲಿ ನೀರೇನೋ ಒಸರಿತು. ಹುಯಿಯಾ ಬೆರಳದ್ದಿ ನೆಕ್ಕಿ, ಉಪ್ಪು ಎಂದು ಉಗುಳಿ ನಕ್ಕಳು.

ಅಂದು ಸಂಜೆ ಅವರು ಬೇಯಿಸಿ ತಿಂದಾಗ ನೀಲಮ್ಮ ಎದ್ದು ದೂರ ಕೂತಳು. ಕೊರಳಲ್ಲಿ ಲಿಂಗ ಕಟ್ಟಿದವಳು, ಮೊಟ್ಟೆಯನ್ನೂ ಮುಟ್ಟಿದವಳಲ್ಲ. ಹುಯಿಯಾ ಅದಕ್ಕೆ ಬೇಜಾರು ಮಾಡಿಕೊಳ್ಳಲಿಲ್ಲ, ಇವಳಿಗೆಂದೇ ಬೇರೆ ಪಾತ್ರೆಯಲ್ಲಿ ಗೆಣಸು ಬೇಯಿಸಿಟ್ಟಿದ್ದಳು. ಒಬ್ಬರ ಊಟ ಇನ್ನೊಬ್ಬರಿಗೆ ಆಗದಿದ್ದರೂ ಜೊತೆಗೆ ಉಣ್ಣಬಹುದು ಎಂಬುದನ್ನು ನೀಲಮ್ಮ ಕಲಿತದ್ದು ಅರವತ್ತೇಳನೇ ವಯಸ್ಸಿನಲ್ಲಿ, ಆ ಕಡಲತೀರದಲ್ಲಿ.

ಆ ವರ್ಷದ ಚಳಿಗಾಲದಲ್ಲಿ ಹುಯಿಯಾಳ ಹೊಟ್ಟೆಯಲ್ಲಿ ಗಡ್ಡೆ ಇರುವುದು ಗೊತ್ತಾಯಿತು. ೨೦೧೫ರ ಫೆಬ್ರುವರಿ ಹೊತ್ತಿಗೆ ಆಸ್ಪತ್ರೆಯವರು ಕೈಚೆಲ್ಲಿದರು. ಏನು ಕೇಳುತ್ತಾಳೋ ಕೊಡಿ ಎಂದರು. ಎರಡು ದಿನದಿಂದ ಏನೂ ಬೇಡವೆನ್ನುತ್ತಿದ್ದ ಹುಯಿಯಾ ಕೇಳಿದ್ದು ಒಂದನ್ನೇ. ತನ್ನ ತವರಿನ ತೀರದ ತುವಾತುವಾ, ಬರೀ ಅದರ ರಸ ಎರಡು ಚಮಚ.

ತಾಮತಿ ಆ ರಾತ್ರಿಯೇ ಹೊರಟ. ಎಪ್ಪತ್ತು ದಾಟಿದವನು, ಎರಡೂ ಮೊಣಕಾಲು ಕೆಟ್ಟವನು, ಯೂಟ್ ಎನ್ನುವ ತನ್ನ ತೆರೆದ ಸಣ್ಣ ಲಾರಿಯನ್ನು ಐದು ತಾಸು ಓಡಿಸಿಕೊಂಡು ಹೋಗಿ, ಬೆಳಗಿನ ಇಳಿತದಲ್ಲಿ ನೀರಿಗಿಳಿದು ಹೆಕ್ಕಿ, ಕಡಲ ನೀರಿನ ಸಮೇತ ಬಿಳಿ ಬಕೆಟ್ಟಿಗೆ ತುಂಬಿ, ಹಿಂದಿನ ಡಬ್ಬಿಯಲ್ಲಿಟ್ಟು ಮಧ್ಯಾಹ್ನಕ್ಕೆ ವಾಪಸು ಬಂದ. ಆದರೆ ತಂದ ಕೂಡಲೇ ಬೇಯಿಸುವಂತಿಲ್ಲ. ಒಂದು ದಿನ ಅದೇ ಕಡಲ ನೀರಿನಲ್ಲಿ ಬಿಟ್ಟರೆ ಹೊಟ್ಟೆಯೊಳಗಿನ ಉಸುಕನ್ನೆಲ್ಲ ಉಗುಳುತ್ತವೆ. ಅಷ್ಟರಲ್ಲಿ ಆಸ್ಪತ್ರೆಯಿಂದ ಬೇಗ ಬಾ ಎಂದು ಫೋನು ಬಂತು. ಮನೆಯಲ್ಲಿ ಯಾರೂ ಇಲ್ಲ, ಬೀದಿಯ ಬೆಕ್ಕುಗಳ ಕಾಟ ಬೇರೆ. ತಾಮತಿ ಬಕೆಟ್ಟು ಎತ್ತಿಕೊಂಡು ಬಂದು ನೀಲಮ್ಮನ ಹಿತ್ತಿಲ ಜಗಲಿಯ ನೆರಳಿನಲ್ಲಿಟ್ಟ. ಅಂಗೈ ಚಪ್ಪಟೆ ಮಾಡಿ, ಹಾಗೇ ಇರಲಿ ಎಂಬಂತೆ ಆಡಿಸಿದ. ಸಿದ್ರಾಮಪ್ಪನವರಿಗೂ ಹೇಳಿದ.

“ನಾಳಿ ಹತ್ತಕ್ಕ ಬಂದು ಒಯ್ತಾನಂತ. ಬಿಸಿಲು ಬೀಳಬಾರದಂತ, ಮುಟ್ಟಬಾರದಂತ” ಎಂದು ಸಿದ್ರಾಮಪ್ಪನವರು ತಿಳಿಸಿದರು. ಅವತ್ತು ಅವರು ಒಂದು ಮಾತೂ ತಪ್ಪಿಸಲಿಲ್ಲ.

“ನಾ ಯಾಕ ಮುಟ್ಟಲಿ ಅದನ್ನ, ಶಿವಾ!” ಎಂದಳು ನೀಲಮ್ಮ.

ಸೊಸೆ ಸ್ನೇಹಲ್, ಮಗ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಸಿದ್ರಾಮಪ್ಪನವರು ಊಟ ಮಾಡಿ ಅಡ್ಡಾದರು. ನೀಲಮ್ಮನಿಗೆ ಮಾತ್ರ ಮನಸ್ಸು ನಿಲ್ಲಲಿಲ್ಲ. ಹುಯಿಯಾಳ ಕೊನೆಯ ಆಸೆ ತನ್ನ ಹಿತ್ತಿಲಲ್ಲಿ ಕೂತಿದೆ. ಮೂರು ಗಂಟೆಗೆ ಹೋಗಿ ಬಕೆಟ್ಟಿನೊಳಗೆ ಇಣುಕಿದಳು. ಚಿಪ್ಪುಗಳು ಸ್ವಲ್ಪ ಸ್ವಲ್ಪ ಬಾಯಿ ತೆರೆದಿದ್ದವು. ಒಳಗಿಂದ ಎರಡೆರಡು ಸಣ್ಣ ಕೊಳವೆಗಳು ಹೊರಬಂದು ನೀರಿನಲ್ಲಿ ಆಡುತ್ತಿದ್ದವು. ನೀರು ಬೂದಿ ಬಣ್ಣಕ್ಕೆ ತಿರುಗಿತ್ತು, ತಳದಲ್ಲಿ ಬೆರಳುದಪ್ಪ ಉಸುಕು. ಅವುಗಳು ಚೆನ್ನಾಗಿವೆ, ತಾಮತಿ ಹೇಳಿದ ಹಾಗೆಯೇ ಉಗುಳುತ್ತಿವೆ ಎಂದು ಕಡಲ ಹೆಣ್ಣುಮಗಳಾದರೆ ಒಂದು ನೋಟಕ್ಕೆ ಹೇಳುತ್ತಿದ್ದಳು. ನೀಲಮ್ಮನಿಗೆ ಕಂಡದ್ದು ಬಾಯಾರಿ ಬಾಯಿ ಬಿಟ್ಟ ಜೀವಗಳು. ಅವಳು ಆ ನೀರಿಗೆ ಬೆರಳದ್ದಿ ನಾಲಗೆಗಿಟ್ಟುಕೊಂಡಳು. ತವರೂರಿನ ಮೂರು ಬಾವಿಯ ಸವಳನ್ನೂ ಒಟ್ಟು ಮಾಡಿದರೂ ಇಷ್ಟು ಉಪ್ಪಾಗುತ್ತಿರಲಿಲ್ಲ.

ಮೂಕ ಪ್ರಾಣಿಗೆ ಸವಳು ಕುಡಸ್ತಿಯೇನ?

ಮುಟ್ಟಬಾರದೆಂದು ಹೇಳಿದ್ದು ಅವಳಿಗೆ ನೆನಪಿತ್ತು. ಅದಕ್ಕೇ ಕೈಯಿಂದ ಮುಟ್ಟಲಿಲ್ಲ. ಹಳೆಯ ಜರಡಿಯನ್ನು ಬಕೆಟ್ಟಿನ ಬಾಯಿಗೆ ಅಡ್ಡ ಹಿಡಿದು, ಮೆಲ್ಲಗೆ ವಾಲಿಸಿ ಆ ನೀರನ್ನೆಲ್ಲ ಚೆಲ್ಲಿದಳು. ಅಂಗಳದ ನಲ್ಲಿಯ ನೀರು ಸಾಲದೆನಿಸಿತು. ಅಡುಗೆಮನೆಯ ಫಿಲ್ಟರಿನಿಂದ ನಾಲ್ಕು ಸಲ ತಂಬಿಗೆ ತುಂಬಿ ತಂದು, ಉಳಿದದ್ದನ್ನಷ್ಟೇ ನಲ್ಲಿಯಿಂದ ತುಂಬಿಸಿದಳು. ತಿಳಿಯಾದ ನೀರು ಬಿದ್ದ ಕೂಡಲೇ ಚಿಪ್ಪುಗಳೆಲ್ಲ ಪಟಪಟನೆ ಮುಚ್ಚಿಕೊಂಡವು. ಹೊಟ್ಟೆ ತುಂಬಿತು, ಮಲಗಿದವು ಎಂದುಕೊಂಡು ನೀಲಮ್ಮ ತೃಪ್ತಿಯಿಂದ ಒಳಗೆ ಹೋದಳು. ಸಂಜೆ ಒಮ್ಮೆ, ಬೆಳಗ್ಗೆ ಎದ್ದ ಕೂಡಲೇ ಇನ್ನೊಮ್ಮೆ ಹೊಸ ನೀರು ಹಾಕಿದಳು. ಒಂದು ಕೆಲಸವನ್ನು ಅಷ್ಟು ಪ್ರೀತಿಯಿಂದ ಅವಳು ಎಷ್ಟೋ ವರ್ಷದಿಂದ ಮಾಡಿರಲಿಲ್ಲ.

ಹತ್ತು ಗಂಟೆಗೆ ತಾಮತಿ ಬಂದ. ಬಕೆಟ್ಟಿನ ಮುಂದೆ ಕಷ್ಟಪಟ್ಟು ಮಂಡಿಯೂರಿದ. ಎಲ್ಲ ಚಿಪ್ಪುಗಳೂ ಅಗಲವಾಗಿ ಬಾಯ್ಬಿಟ್ಟುಕೊಂಡು ಬಿದ್ದಿದ್ದವು. ಒಂದನ್ನೆತ್ತಿ ಇನ್ನೊಂದಕ್ಕೆ ಬಡಿದ. ಜೀವವಿದ್ದರೆ ಬಡಿದ ಕೂಡಲೇ ಮುಚ್ಚಬೇಕು. ಮುಚ್ಚಲಿಲ್ಲ. ಇನ್ನೊಂದನ್ನು ಬಡಿದ, ಮತ್ತೊಂದನ್ನು ಬಡಿದ. ಬೆಂದರೂ ತಿನ್ನಬಾರದವು ಅವು, ಸತ್ತ ಚಿಪ್ಪು ವಿಷ. ತಾಮತಿ ತಲೆಯೆತ್ತಿ ಸೂರ್ಯನನ್ನು ನೋಡಿದ, ರಸ್ತೆಯಲ್ಲಿದ್ದ ತನ್ನ ಯೂಟನ್ನು ನೋಡಿದ, ಏನೋ ಗೊಣಗಿದ. ಸಿಟ್ಟು ಮಾಡಲಿಲ್ಲ. ಎಲ್ಲವನ್ನೂ ಗುಲಾಬಿ ಗಿಡದ ಬುಡಕ್ಕೆ ಸುರುವಿ, ಖಾಲಿ ಬಕೆಟ್ಟು ಹಿಡಿದು ಹೋದ. ನೀಲಮ್ಮ ಬಾಗಿಲ ಚೌಕಟ್ಟು ಹಿಡಿದುಕೊಂಡು ನಿಂತೇ ಇದ್ದಳು. ಏನೋ ಕೆಟ್ಟದ್ದಾಗಿದೆ ಎಂದಷ್ಟೇ ಅವಳಿಗೆ ತಿಳಿದಿತ್ತು. ತನ್ನಿಂದ ಎಂದು ಇನ್ನೂ ತಿಳಿದಿರಲಿಲ್ಲ.

ತಿಳಿದದ್ದು ಸಂಜೆ. ರುದ್ರೇಶ ಕೆಲಸದಿಂದ ಬಂದು ಚಹಾ ಕುಡಿಯುತ್ತಿದ್ದ.

“ರುದ್ರ, ಆ ಸಮುದ್ರದ ಚಿಪ್ಪಿ ಸಿಹಿನೀರಾಗ ಇರ್ತಾವೇನೋ?”

“ಹೆಂಗಿರ್ತಾವ ಅವ್ವಾ? ಉಪ್ಪುನೀರಿಂದು ಅವು. ಸಿಹಿನೀರು ಹಾಕಿದ್ರ ಸತ್ತ ಹೋಗ್ತಾವ. ಯಾಕ?”

“ಸುಮ್ನ ಕೇಳಿದೆ.”

ಆ ಎರಡು ಮಾತೇ ಅವಳ ಎರಡನೇ ತಪ್ಪಿನ ಆರಂಭ. ಮಗನಿಗೆ ಆಗಲೇ ಹೇಳಿದ್ದರೆ ಹತ್ತು ನಿಮಿಷದಲ್ಲಿ ತಾಮತಿಗೆ ಫೋನು ಹೋಗುತ್ತಿತ್ತು. ಹೇಳಲಿಲ್ಲ. ಮಲಗುವ ಮುಂಚೆ ಗಂಡನಿಗೆ ಮಾತ್ರ ಹೇಳಿ ಅತ್ತಳು. ಸಿದ್ರಾಮಪ್ಪನವರು ಎದ್ದು ಕೂತರು.

“ಆದದ್ದು ಆತು ಬಿಡು. ನೀ ಈಗ ಹೇಳಿದ್ರ ಆ ಚಿಪ್ಪಿ ಜೀವಂತ ಬರ್ತಾವೇನು? ಹೆಂಡ್ತಿ ಸಾಯ್ಲಿಕ್ಹತ್ತ್ಯಾಳ, ಅಂಥಾದ್ರಾಗ ಅವನ ಮುಂದ ಇದನ್ನೊಂದು ಒದರೋದ ಬ್ಯಾಡ. ಸುಮ್ನಿರು.”

ಅವರ ಮಾತಿನಲ್ಲಿ ಕರುಣೆಯೂ ಇತ್ತು, ನಾಚಿಕೆಯೂ ಇತ್ತು. ಯಾವುದು ಹೆಚ್ಚಿತ್ತೋ ಅವರಿಗೇ ಗೊತ್ತಿರಲಿಲ್ಲ. ಮೂರನೇ ದಿನ ಹುಯಿಯಾ ತೀರಿಕೊಂಡಳು. ಕಡೆಯ ದಿನ ತುಟಿಗೆ ತಣ್ಣೀರು ತಾಗಿಸಿದ್ದು ಬಿಟ್ಟರೆ ಬೇರೇನೂ ಒಳಗೆ ಹೋಗಿರಲಿಲ್ಲ.

ತವರಿಗೆ ಒಯ್ಯುವ ಮುಂಚೆ ಅವಳನ್ನು ಒಂದು ದಿನ ಮನೆಯಲ್ಲಿಟ್ಟಿದ್ದರು. ನಡುಮನೆಯಲ್ಲಿ ತೆರೆದ ಪೆಟ್ಟಿಗೆ, ಸುತ್ತ ಕಪ್ಪು ಬಟ್ಟೆಯ ಹೆಂಗಸರು. ಅವರಲ್ಲಿ ಸತ್ತವರ ಜೊತೆ ನೇರವಾಗಿ ಮಾತಾಡುವ ಪದ್ಧತಿಯಿದೆ. ಒಬ್ಬೊಬ್ಬರೂ ಎದ್ದು ಬಂದು ಹುಯಿಯಾಳ ಮುಖ ನೋಡಿಕೊಂಡೇ ಮಾತಾಡಿದರು. ಒಬ್ಬ ಹಾಡಿದ, ಒಬ್ಬಳು ಹಳೆಯ ಜಗಳ ತೆಗೆದು ಬೈದಳು, ಬೈದವಳೇ ಬಿಕ್ಕಿಬಿಕ್ಕಿ ಅತ್ತಳು.

“ಅತ್ತೀ, ನೀವೂ ಏನರ ಹೇಳೂದಿದ್ರ ಹೇಳ್ರಿ. ಮನಸ್ನ್ಯಾಗ ಇದ್ದದ್ದೆಲ್ಲಾ ಹೇಳಬಹುದಂತ” ಎಂದು ಸ್ನೇಹಲ್ ಪಿಸುಗುಟ್ಟಿದಳು. ಹೇಳಿದವಳು ಹಿತ್ತಿಲಲ್ಲಿ ಚಹಾ ಹಂಚುವವರಿಗೆ ಕೈಜೋಡಿಸಲು ಹೋದಳು. ರುದ್ರೇಶನೂ ಹೊರಗಿದ್ದ.

ನೀಲಮ್ಮ ಎದ್ದಳು. ಪೆಟ್ಟಿಗೆಯ ಅಂಚು ಹಿಡಿದುಕೊಂಡು ಶುರು ಮಾಡಿದಳು.

“ಹುಯಿಯಾ, ನಾನ ಕೊಂದೆವ್ವಾ ಅವನ್ನ. ನಿನ್ನ ಗಂಡ ಅಷ್ಟು ದೂರದಿಂದ ತಂದಿದ್ದ. ಮುಟ್ಟಬ್ಯಾಡ ಅಂದಿದ್ದ. ನಾ ಕೇಳಲಿಲ್ಲ. ಸವಳು ನೀರಾಗ ಅದಾವ, ಬಾಯಾರ್ಯಾವ ಅಂದ್ಕೊಂಡೆ. ಕುಡಿಯೂ ನೀರು ಹಾಕಿದೆ. ನೀ ಬಾಯಿಬಿಟ್ಟು ಕೇಳಿದ್ದನ್ನ ನಿನ್ನ ಬಾಯಿಗೆ ಹೋಗಧಾಂಗ ಮಾಡಿದೆ. ನನ್ನ ಕ್ಷಮಾ ಮಾಡವ್ವಾ.”

ಕೋಣೆಯಲ್ಲಿ ಕನ್ನಡ ಬರುತ್ತಿದ್ದದ್ದು ಸಿದ್ರಾಮಪ್ಪನವರೊಬ್ಬರಿಗೇ. ಉಳಿದವರಿಗೆಲ್ಲ ಅದು ಗೆಳತಿಯೊಬ್ಬಳ ಅಳುವಾಗಿ ಕೇಳಿತು. ತಾಮತಿ ಎದ್ದು ಬಂದು ನೀಲಮ್ಮನ ಎರಡೂ ಕೈ ಹಿಡಿದುಕೊಂಡ, ಅವರ ರೂಢಿಯಂತೆ ಅವಳ ಹಣೆಗೆ ಹಣೆ ತಾಗಿಸಿದ. ನಂತರ ಸಿದ್ರಾಮಪ್ಪನವರ ಕಡೆ ತಿರುಗಿ, ಏನೆಂದಳು ಎಂದು ಕೇಳಿದ.

ಸಿದ್ರಾಮಪ್ಪನವರು ಮೂವತ್ತಮೂರು ವರ್ಷ ಮಕ್ಕಳ ಅನುವಾದ ತಿದ್ದಿದವರು. ಹುಯಿಯಾ ಬಹಳ ಒಳ್ಳೆಯ ಹೆಂಗಸು, ತಂಗಿಯಂತಿದ್ದಳು ಎನ್ನುತ್ತಿದ್ದಾಳೆ ಎಂದು ಒಳ್ಳೆಯ ಇಂಗ್ಲಿಷಿನಲ್ಲಿ ಹೇಳಿದರು. ತಾಮತಿ ತಲೆಯಾಡಿಸಿ, ಕಣ್ಣೊರೆಸಿಕೊಳ್ಳುತ್ತ ತಾನೂ ಏನೋ ಹೇಳಿದ. ಅದನ್ನು ಸಿದ್ರಾಮಪ್ಪನವರು ಹೆಂಡತಿಗೆ ತಿಳಿಸಲಿಲ್ಲ. ಗೇಟಿನ ಬಳಿ ಕೈತೊಳೆಯಲು ಇಟ್ಟಿದ್ದ ನೀರಿನಲ್ಲಿ ಕೈ ತೊಳೆದು ಇಬ್ಬರೂ ಮನೆಗೆ ಬಂದರು. ಹೇಳಿಬಿಟ್ಟೆ ಎಂಬ ಹಗುರದಲ್ಲಿ ನೀಲಮ್ಮ ಒಂದು ತಿಂಗಳು ಕಳೆದಳು. ಆ ಹಗುರವನ್ನು ನೆನೆದರೆ ಅವಳಿಗೆ ಈಗಲೂ ತನ್ನ ಮೇಲೆ ಹೇಸಿಗೆ.

ತಿಂಗಳಾದ ಮೇಲೆ ಒಂದು ಮಧ್ಯಾಹ್ನ, ತಾಮತಿ ಅವತ್ತು ಹೇಳಿದ್ದನ್ನು ಸಿದ್ರಾಮಪ್ಪನವರಿಗೇ ಇನ್ನು ಬಚ್ಚಿಟ್ಟುಕೊಳ್ಳಲಾಗಲಿಲ್ಲ. ಅಷ್ಟರಲ್ಲಿ ತಾಮತಿ ಉತ್ತರಕ್ಕೆ, ಹುಯಿಯಾಳ ಊರಿಗೇ ಹೋಗಿ ನೆಲೆಸಿದ್ದ.

“ಅವತ್ತ ಅಂವ ಏನ್ ಅಂದ ಗೊತ್ತೇನು? ಚಿಪ್ಪಿ ತರೂ ದಾರ್ಯಾಗ ಕಣ್ಣು ಎಳೀಲಿಕ್ಹತ್ತಿದ್ವಂತ. ಗಾಡಿ ಪಕ್ಕಕ್ಕ ಹಚ್ಚಿ ಒಂದ ತಾಸು ಮಲಗಿದ್ನಂತ. ಬಕೆಟ್ಟು ಹಿಂದ ಬಿಸಿಲಾಗ ಇತ್ತಂತ. ಆ ಒಂದು ತಾಸಿನ ನಿದ್ದಿಯಿಂದ ಅವೆಲ್ಲಾ ಸತ್ತು, ಹೆಂಡ್ತಿ ಕಡೀ ಆಸೆ ತೀರಲಿಲ್ಲ ಅಂದ. ನಾನ ಕೆಡಿಸಿದೆ ಅಂದ.”

“ಮತ್ತ ನೀವು ಏನಂದ್ರಿ?”

“ಏನನ್ನಲಿ? ಸುಮ್ನಿದ್ದೆ.”

“ಫೋನ್ ಮಾಡ್ರಿ. ಈಗ ಹೇಳ್ರಿ ಅವನಿಗೆ.”

“ನನ್ನ ಬಾಯಿಲೆ ಆಗೂದಿಲ್ಲ ನೀಲಾ. ಅವತ್ತ ನಾನ ಸುಳ್ಳು ಹೇಳೀನಿ. ಈಗ ಹೆಂಗ ಹೇಳ್ಲಿ?”

ಮಗನ ಮುಂದೆ ಬಾಯಿ ಬಿಡಲು ಅವಳಿಗೂ ಧೈರ್ಯ ಬರಲಿಲ್ಲ. ಮಗನಿಗೆ ಹೇಳಿದರೆ ಗಂಡನ ಸುಳ್ಳೂ ಹೊರಬೀಳುತ್ತದೆ. ಉಳಿದದ್ದು ಒಂದೇ ದಾರಿ. ಮುಂದಿನ ಮಂಗಳವಾರ ನೀಲಮ್ಮ ಸೊಸೆಯ ಕಾರಿನಲ್ಲಿ ಮನುಕಾವ್‌ಗೆ ಹೋಗಿ, ಅಲ್ಲಿನ ಗ್ರಂಥಾಲಯದಲ್ಲಿ ವಯಸ್ಸಾದ ವಲಸಿಗರಿಗೆ ನಡೆಸುವ ಇಂಗ್ಲಿಷ್ ತರಗತಿಗೆ ಸೇರಿದಳು. ಅತ್ತೆಗೆ ಈ ವಯಸ್ಸಿನಲ್ಲಿ ಹುರುಪು ಬಂತೆಂದು ಸ್ನೇಹಲ್‌ಗೆ ಖುಷಿಯೋ ಖುಷಿ. ಟೀಚರ್ ಎಲ್ಲರನ್ನೂ ಯಾಕೆ ಕಲಿಯುತ್ತೀರಿ ಎಂದು ಕೇಳಿದರು. ಬಸ್ಸಿಗೆ, ಡಾಕ್ಟರಿಗೆ, ಮೊಮ್ಮಕ್ಕಳ ಜೊತೆ ಮಾತಾಡಲಿಕ್ಕೆ ಎಂದು ಒಬ್ಬೊಬ್ಬರು ಒಂದೊಂದು ಹೇಳಿದರು. ನೀಲಮ್ಮನ ಸರದಿ ಬಂದಾಗ “ನೇಬರ್, ಒನ್ ಟಾಕ್” ಎಂದಳು. ಎಲ್ಲರೂ ಮೆಚ್ಚಿ ನಕ್ಕರು.

ಹತ್ತು ತಿಂಗಳು ಹೋದಳು. ಬ್ರೆಡ್ಡು ಕೇಳುವುದು, ದಾರಿ ಕೇಳುವುದು, ಮೈ ನೋವು ಹೇಳುವುದು ಎಲ್ಲ ಕಲಿಸಿದರು. ತಪ್ಪು ಒಪ್ಪಿಕೊಳ್ಳುವ ಪಾಠ ಮಾತ್ರ ಪುಸ್ತಕದಲ್ಲಿರಲಿಲ್ಲ. ಅಲ್ಲಿಂದೊಂದು ಇಲ್ಲಿಂದೊಂದು ಪದ ಹೆಕ್ಕಿ ಅವಳೇ ನಾಲ್ಕು ವಾಕ್ಯ ಕಟ್ಟಿಕೊಂಡಳು. ರೊಟ್ಟಿ ಬಡಿಯುವಾಗ ಹೇಳಿಕೊಳ್ಳುತ್ತಿದ್ದಳು, ತುಳಸಿಗೆ ನೀರು ಹಾಕುವಾಗ ಹೇಳಿಕೊಳ್ಳುತ್ತಿದ್ದಳು.

ಆ ಮಧ್ಯೆ ತಾಮತಿ ಎರಡು ಸಲ ಬಂದ. ಮೊದಲ ಸಲ ಮನೆ ಖಾಲಿ ಮಾಡಲು, ಜುಲೈನಲ್ಲಿ. ಆಗ ವಾಕ್ಯ ಇನ್ನೂ ಕೂಡಿ ಬಂದಿರಲಿಲ್ಲ. ನವೆಂಬರಿನಲ್ಲಿ ಬಂದಾಗ ಎಲ್ಲ ತಯಾರಾಗಿತ್ತು. ಅವನು ಬಸ್ಸಿನಲ್ಲಿ ಬಂದಿದ್ದ. ಯೂಟ್ ಎಲ್ಲಿ ಎಂದು ರುದ್ರೇಶ ಕೇಳಿದ್ದಕ್ಕೆ, ಅಳಿಯನಿಗೆ ಕೊಟ್ಟುಬಿಟ್ಟೆ, ಆ ಚಿಪ್ಪು ತಂದ ಮೇಲೆ ಸ್ಟಿಯರಿಂಗ್ ಹಿಡಿಯಲು ಮನಸ್ಸಾಗಿಲ್ಲ ಎಂದ. ಅಷ್ಟು ಇಂಗ್ಲಿಷ್ ನೀಲಮ್ಮನಿಗೆ ಆಗ ಅರ್ಥವಾಗುತ್ತಿತ್ತು. ಇಡೀ ಬದುಕು ಲಾರಿ ಓಡಿಸಿದವನು. ಅದನ್ನು ಕೇಳಿದ ಮೇಲಾದರೂ ಬಾಯಿ ತೆರೆಯಬೇಕಿತ್ತಲ್ಲವೇ? ಅವಳು ಎದ್ದು ಹೋಗಿ ಅವನಿಗೆ ಇನ್ನೊಂದು ರೊಟ್ಟಿ ಬಡಿಸಿದಳು. ತನ್ನ ಸುಮ್ಮನಿರುವಿಕೆ ಅಷ್ಟು ದೊಡ್ಡದಾಗಿ ಬೆಳೆದಿದ್ದನ್ನು ಕಂಡು ಅವಳಿಗೆ ಭಯವಾಗಿತ್ತು.

ಸತ್ತು ವರ್ಷವಾದ ಮೇಲೆ ಅವರಲ್ಲಿ ಸಮಾಧಿಕಲ್ಲಿನ ಮೇಲಿನ ಬಟ್ಟೆ ಸರಿಸುವ ಕಾರ್ಯ ಮಾಡುತ್ತಾರೆ. ಅದಾದರೆ ಅಳುವ ಕಾಲ ಮುಗಿಯಿತೆಂದು ಲೆಕ್ಕ. ೨೦೧೬ರ ಫೆಬ್ರುವರಿಯಲ್ಲಿ ತಾಮತಿ ಎಲ್ಲರನ್ನೂ ಕರೆದ. ರುದ್ರೇಶ ಗಾಡಿ ಓಡಿಸಿದ. ಕಲ್ಲಿನ ಕಾರ್ಯ ಮುಗಿಯಿತು, ಊಟ ಮುಗಿಯಿತು. ನೀಲಮ್ಮನಿಗೆ ಈ ಸಲವೂ ಗೆಣಸನ್ನು ಬೇರೆ ಪಾತ್ರೆಯಲ್ಲಿ ಬೇಯಿಸಿಟ್ಟಿದ್ದರು. ಹುಯಿಯಾ ಇಲ್ಲದಿದ್ದರೂ ಅದನ್ನು ಯಾರೋ ನೆನಪಿಟ್ಟಿದ್ದರು. ಅವಳು ಒಂದು ತುಂಡು ತಿಂದು ಎದ್ದಳು.

ಕಡಲು ಇಳಿದಿತ್ತು. ತಾಮತಿ ಒಬ್ಬನೇ ಒದ್ದೆ ಉಸುಕಿನ ಮೇಲೆ ನಿಂತಿದ್ದ. ನೀಲಮ್ಮ ಚಪ್ಪಲಿ ಬಿಟ್ಟು ಅಲ್ಲಿಗೆ ಹೋದಳು. ಅವಳ ಹಿಂದೆಯೇ ಸಿದ್ರಾಮಪ್ಪನವರು, ಈ ಸಲ ಬೂಟು ಬಿಚ್ಚಿ, ಪ್ಯಾಂಟು ಮಡಚಿಕೊಂಡು ಬಂದು ನಾಲ್ಕು ಹೆಜ್ಜೆ ದೂರದಲ್ಲಿ ನಿಂತರು.

“ತಾಮತಿ. ತುವಾತುವಾ. ಯು ಸ್ಲೀಪ್, ನೋ ಪ್ರಾಬ್ಲಮ್. ಐ ಪುಟ್ ಟ್ಯಾಪ್ ವಾಟರ್. ಮೀ. ನಾಟ್ ಯು.”

ಅವನಿಗೆ ಮೊದಲು ಅರ್ಥವಾಗಲಿಲ್ಲ. ಅವಳು ಬಕೆಟ್ಟು ವಾಲಿಸಿದಂತೆ, ನಲ್ಲಿ ತಿರುಗಿಸಿದಂತೆ ಕೈಯಲ್ಲಿ ಮಾಡಿ ತೋರಿಸಿ, ಅದೇ ನಾಲ್ಕು ವಾಕ್ಯ ಇನ್ನೊಮ್ಮೆ ಹೇಳಿದಳು. ಆಗ ಅವನ ಮುಖ ಬದಲಾಯಿತು. ಅವಳು ಬೈಗುಳಕ್ಕೆ ತಯಾರಾಗಿ ಬಂದಿದ್ದಳು. ಅವನು ಬೈಯಲಿಲ್ಲ.

“ಒನ್ ಇಯರ್?” ಎಂದ.

ಪೂರ್ತಿ ಒಂದು ವರ್ಷ ನಿನಗೆ ಗೊತ್ತಿತ್ತೇ ಎಂದು ಅವನು ಕೇಳುತ್ತಿದ್ದಾನೆಂದು ತಿಳಿಯಲು ಅವಳಿಗೆ ತರಗತಿಯ ಅಗತ್ಯವಿರಲಿಲ್ಲ. ಆದರೆ ಅದಕ್ಕೆ ಉತ್ತರ ಅವಳು ಕಲಿತು ಬಂದಿರಲಿಲ್ಲ.

“ಒನ್ ಇಯರ್” ಎಂದು ತಲೆತಗ್ಗಿಸಿದಳು.

ತಾಮತಿ ನೀರಿನ ಅಂಚಿಗೇ ನಡೆದು ಹೋದ. ದೂರ, ಬಹಳ ದೂರ ಹೋದ. ಅವನ ಕುಂಟು ನಡಿಗೆಯನ್ನು ಗಂಡ ಹೆಂಡತಿ ನೋಡುತ್ತ ನಿಂತರು. ನೀಲಮ್ಮನ ಹಿಮ್ಮಡಿಯ ಕೆಳಗೆ ಉಸುಕಿನಲ್ಲಿ ಏನೋ ಗಟ್ಟಿಯಾದದ್ದು ತಾಗಿತು. ಅವಳು ಕಾಲು ತೆಗೆದು ಪಕ್ಕಕ್ಕೆ ಸರಿದಳು.

ಹೊರಡುವ ಹೊತ್ತಿಗೆ ಅವನು ಗಾಡಿಯ ಹತ್ತಿರ ಬಂದ. ಬಂದವರಿಗೆಲ್ಲ ಕೊಟ್ಟಂತೆ ಒಂದು ಚೀಲ ಗೆಣಸು ಒಳಗಿಟ್ಟ. ಕಿಟಕಿಗೆ ಬಗ್ಗಿ ಸಿದ್ರಾಮಪ್ಪನವರಿಗೆ ಏನೋ ಹೇಳಿದ. ನಿಧಾನವಾಗಿ, ಒಂದೊಂದೇ ಶಬ್ದ ಬಿಡಿಸಿ ಹೇಳಿದ. ಹೇಳುವಾಗ ನೀಲಮ್ಮನನ್ನು ನೋಡಲಿಲ್ಲ. ಗಾಡಿ ಹೊರಟಿತು. ರುದ್ರೇಶ ಕನ್ನಡಿಯಲ್ಲಿ ಅಪ್ಪನನ್ನು ನೋಡಿದ. ಸಮುದ್ರ ಕಣ್ಮರೆಯಾಯಿತು.

“ಏನಂದ?” ಎಂದು ಕೊನೆಗೆ ನೀಲಮ್ಮ ಕೇಳಿದಳು.

ಮಗನ ಎದುರಿಗೇ ಸಿದ್ರಾಮಪ್ಪನವರು ಹೇಳಿದರು. “ನೀರು ಹಾಕಿದ್ದು ಕೇಳಿದ್ರ ಹುಯಿಯಾ ಹೊಟ್ಟಿ ಹುಣ್ಣಾಗೂ ಹಂಗ ನಗ್ತಿದ್ಲು ಅಂದ. ಆ ಒಂದು ವರ್ಷದ್ದು ಕೇಳಿದ್ರ ಏನ್ ಅಂತಿದ್ಲು ನನಗ ಗೊತ್ತಿಲ್ಲ ಅಂದ. ನನಗಂತೂ ನಗೂದು ಆಗೂದಿಲ್ಲ ಅಂದ.”

ನೀಲಮ್ಮ ಮಡಿಲಲ್ಲಿದ್ದ ಗೆಣಸಿನ ಚೀಲವನ್ನು ಎರಡೂ ಕೈಯಿಂದ ಹಿಡಿದುಕೊಂಡಳು.

“ಎಲ್ಲಾ ಹೇಳಿದ್ರೇನು? ಏನೂ ಬಿಟ್ಟಿಲ್ಲಲ್ಲ?”

“ಏನೂ ಬಿಟ್ಟಿಲ್ಲ” ಎಂದರು ಸಿದ್ರಾಮಪ್ಪನವರು.